ಬರಿಹೊಟ್ಟೆಯ ಬವಳಿ: ಒಂದು ವಿರಳ ಬೇನೆಯ ಗುರುತು



ಜೋಳದ ಸುಳಿ ಒಣಗಿದರೆ ನೀವು ನೀರಿನ ಕೊರತೆಯೆಂದು ಸುಮ್ಮನಿರುವುದಿಲ್ಲ. ಸುಳಿಯನ್ನು ಕಿತ್ತು, ಬುಡದಲ್ಲಿ ಸುಳಿನೊಣದ ಹುಳುವಿದೆಯೇ ಎಂದು ನೋಡುತ್ತೀರಿ. ಮನುಷ್ಯನ ಕೆಲವು ಬೇನೆಗಳನ್ನೂ ಹೀಗೆಯೇ ಬುಡ ಹಿಡಿದು ನೋಡಬೇಕಾಗುತ್ತದೆ.

ಸಾರವಾಡದ ಒಕ್ಕಲಿಗನೊಬ್ಬ ನಸುಕಿನಲ್ಲಿ ಬರಿಹೊಟ್ಟೆಯಿಂದ ಎರೆಹೊಲಕ್ಕೆ ಹೋದನೆನ್ನಿರಿ. ಹೊತ್ತೇರುತ್ತಲೇ ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ, ಮನೆಮಂದಿಯ ಗುರುತೇ ಹತ್ತುವುದಿಲ್ಲ. ಬೆಲ್ಲ ತಿಂದರೆ ಸ್ವಲ್ಪ ಹೊತ್ತಿನಲ್ಲಿ ನೆಟ್ಟಗಾಗುತ್ತಾನೆ. ಇದು ಮೇಲಿಂದ ಮೇಲೆ ಆದಾಗ ಗಾಳಿ ಸೋಕಿತೆಂದು ತಾಯಿತ ಕಟ್ಟಿಸುವವರುಂಟು. ಮೂರ್ಛೆರೋಗವೆಂದು ವರ್ಷಗಟ್ಟಲೆ ಗುಳಿಗೆ ನುಂಗಿದವರೂ ಉಂಟು.

ಜಠರದ ಹಿಂದೆ ಮೇದೋಜೀರಕ ಗ್ರಂಥಿ ಇದೆ. ಅದರಿಂದ ಒಸರುವ ಇನ್ಸುಲಿನ್ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ಅಲ್ಲೊಂದು ಗಂಟು ಬೆಳೆದರೆ, ಉಂಡರೂ ಉಪವಾಸವಿದ್ದರೂ ಇನ್ಸುಲಿನ್ ಒಸರುತ್ತಲೇ ಇರುತ್ತದೆ. ಇದಕ್ಕೆ ಇನ್ಸುಲಿನೋಮಾ ಎನ್ನುವರು. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಂದ ನಾಲ್ವರಿಗೆ ಬರುವಂಥದು. ಹೆಚ್ಚಿನವು 2 ಸೆಂಟಿಮೀಟರಿಗಿಂತ ಸಣ್ಣವು. ಆದುದರಿಂದ ಸ್ಕ್ಯಾನಿನಲ್ಲಿಯೂ ತಪ್ಪಿಸಿಕೊಳ್ಳುತ್ತವೆ. ಹತ್ತರಲ್ಲಿ ಒಂಬತ್ತರಷ್ಟು ಕ್ಯಾನ್ಸರ್ ಅಲ್ಲ; ಶಸ್ತ್ರಕ್ರಿಯೆ ಮಾಡಿ ತೆಗೆದರೆ ಗುಣವಾಗುತ್ತದೆ.

ಪರೀಕ್ಷೆಯ ದಾರಿಯನ್ನು ಅಮೆರಿಕದ ಶಸ್ತ್ರವೈದ್ಯ ವಿಪ್ಪಲ್ 1930ರ ದಶಕದಲ್ಲಿ ತೋರಿಸಿದರು. ಉಪವಾಸದಲ್ಲಿ ಬವಳಿ ಬರಬೇಕು, ಅದೇ ಗಳಿಗೆಯಲ್ಲಿ ರಕ್ತದ ಸಕ್ಕರೆ ಇಳಿದಿರಬೇಕು, ಸಕ್ಕರೆ ಕೊಟ್ಟೊಡನೆ ಚೇತರಿಕೆಯಾಗಬೇಕು. ಈಗಿನ ಲೆಕ್ಕದಲ್ಲಿ 55 ಮಿಲಿಗ್ರಾಮಿಗಿಂತ ಕೆಳಗೆ ಇಳಿದರೆ ವೈದ್ಯರು ಮುಂದಿನ ತಪಾಸಣೆಗೆ ಹೋಗುತ್ತಾರೆ. ಆಸ್ಪತ್ರೆಯಲ್ಲಿಯೇ ಮಲಗಿಸಿ, 72 ತಾಸಿನವರೆಗೆ ಉಪವಾಸವಿರಿಸಿ, ಇನ್ಸುಲಿನ್ ಮತ್ತು ಸಿ-ಪೆಪ್ಟೈಡ್ ಅಳೆಯುತ್ತಾರೆ. ಏಕಾದಶಿಯ ಉಪವಾಸವೆಂದು ಇದನ್ನು ಮನೆಯಲ್ಲಿ ಮಾಡಿ ನೋಡಲೇಬೇಡಿರಿ, ಜೀವಕ್ಕೆ ಅಪಾಯ. ಸಕ್ಕರೆ ಬೇನೆಯ ಗುಳಿಗೆ, ಇಂಜೆಕ್ಷನ್ನುಗಳಿಂದಲೂ ಹೀಗಾಗುತ್ತದೆ, ಅದೇ ಹೆಚ್ಚು ಸಾಮಾನ್ಯ. ಆದುದರಿಂದ ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ವೈದ್ಯರಿಗೆ ತೋರಿಸಿರಿ.

ಈ ಕುಲದ ಬೇರೆ ಗಂಟುಗಳೂ ಇವೆ. ಔಷಧಕ್ಕೆ ಬಗ್ಗದ ಹೊಟ್ಟೆಹುಣ್ಣಿನ ಜೊತೆಗೆ ಭೇದಿಯನ್ನು ತರುವ ಗಂಟನ್ನು 1955ರಲ್ಲಿ ಜೋಲಿಂಜರ್ ಮತ್ತು ಎಲಿಸನ್ ವಿವರಿಸಿದರು. ಮತ್ತೊಂದರಲ್ಲಿ ಮುಖ ಕೆಂಪೇರಿ ಭೇದಿಯಾಗುತ್ತದೆ. ಅದಕ್ಕೆ 24 ತಾಸಿನ ಮೂತ್ರ ಹಿಡಿದು ಪರೀಕ್ಷಿಸುವರು. ಅದಕ್ಕೆ ಮೊದಲು ವೈದ್ಯರು ಹೇಳಿದಷ್ಟು ದಿನ ಬಾಳೆಹಣ್ಣು, ಟೊಮ್ಯಾಟೊ, ಬದನೆಕಾಯಿ ಬಿಡಬೇಕು. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಒಂದು ಮಾತು: ಔಷಧಿ ಸಿಂಪಡಿಸಿದ ದಿನ ಬೆವರು, ಭೇದಿ, ಜೊಲ್ಲು ಬಂದರೆ ಅದು ವಿಷ, ಡಬ್ಬಿಯ ಚೀಟಿಯೊಡನೆ ಆ ಕ್ಷಣವೇ ದವಾಖಾನೆಗೆ ಓಡಿರಿ.

ಬವಳಿ ಬಂದವನಿಗೆ ಎಚ್ಚರವಿದ್ದು ನುಂಗಲು ಬರುತ್ತಿದ್ದರೆ ಸಕ್ಕರೆ ನೀರು ಕೊಡಿರಿ. ಎಚ್ಚರ ತಪ್ಪಿದವನ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ, ಗಾಡಿ ತರಿಸಿರಿ. ಕೊನೆಯ ಊಟ ಯಾವಾಗ, ಬವಳಿ ಯಾವಾಗ, ಎಷ್ಟು ಹೊತ್ತಿಗೆ ಚೇತರಿಕೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿರಿ.