ಎತ್ತರದ ಘಾಟಿಗಳಲ್ಲಿ ಮೋಟಾರ್ ಸೈಕಲ್ ಯಾತ್ರೆ: ಆರೋಗ್ಯದ ದೃಷ್ಟಿಯಿಂದ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಹಿಮಾಲಯದ ಮಟ್ಟಿಗೆ ಅಕ್ಷರಶಃ ನಿಜ. ದೆಹಲಿ, ಮುಂಬಯಿ, ಪುಣೆ ಮುಂತಾದ ನಗರಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿಯೂ ಲಡಾಖಿಗೆ ಮೋಟಾರ್ ಸೈಕಲ್ಲಿನ ಮೇಲೆ ಹೋಗಿಬರಬೇಕೆಂಬ ಹಂಬಲವುಳ್ಳ ತರುಣ ತರುಣಿಯರು ಇಂದು ಕಾಣಸಿಗುತ್ತಾರೆ. ಡಾಂಬರು ರಸ್ತೆಯಲ್ಲಿಯೂ ಕಲ್ಲುಮಣ್ಣಿನ ಹಾದಿಯಲ್ಲಿಯೂ ಓಡಬಲ್ಲ ಉಭಯೋಪಯೋಗಿ ವಾಹನಗಳು ಬಂದ ಮೇಲಂತೂ ಈ ಯಾತ್ರೆ ಸುಲಭಸಾಧ್ಯವೆಂಬ ಭಾವನೆ ಬೆಳೆದಿದೆ. ಹೊರಡುವ ಮುನ್ನ ಟೈರು, ಚೈನು, ಬ್ರೇಕು, ಕ್ಲಚ್ ಕೇಬಲುಗಳನ್ನು ಅವರು ಶ್ರದ್ಧೆಯಿಂದ ಪರೀಕ್ಷಿಸುತ್ತಾರೆ. ಆದರೆ ವಾಹನವನ್ನು ನಡೆಸುವ ದೇಹದ ಸಿದ್ಧತೆಯ ಕಡೆಗೆ ಅನೇಕರ ಗಮನ ಹರಿಯುವುದಿಲ್ಲ. ವಾಹನವು ಏರಬಲ್ಲ ವೇಗದಲ್ಲಿ ದೇಹವು ಏರಲಾರದು ಎಂಬುದೇ ಇಲ್ಲಿ ತಿಳಿಯಬೇಕಾದ ಮುಖ್ಯ ಪಾಠ.

ಗಾಳಿ ತೆಳುವಾದಾಗ

ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರು. ಹಿಮಾಲಯದ ಬುಡದ ಪಟ್ಟಣವೆನಿಸಿದ ಮನಾಲಿಯೇ ಅದಕ್ಕಿಂತ ಎತ್ತರದಲ್ಲಿದೆ. ಪರ್ವತವ್ಯಾಧಿಯು ಸಾಮಾನ್ಯವಾಗಿ 2,500 ಮೀಟರಿನ ಮೇಲೆ ಕಾಣಿಸಿಕೊಳ್ಳುವುದರಿಂದ, ನಮ್ಮ ಮಲೆನಾಡಿನ ಘಾಟಿಗಳಲ್ಲಿ ಎಷ್ಟೇ ಓಡಾಡಿದವರಿಗೂ ಅದರ ಪರಿಚಯವಿರುವುದಿಲ್ಲ.

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಬದಲಾಗುವುದಿಲ್ಲ. ಅದು ಎಲ್ಲೆಡೆಯೂ ಶೇಕಡಾ 21ರಷ್ಟೇ. ಕಡಮೆಯಾಗುವುದು ಗಾಳಿಯ ಒತ್ತಡ. 3,500 ಮೀಟರ್ ಎತ್ತರದ ಲೇಹ್ ಪಟ್ಟಣದಲ್ಲಿ ಅದು ಸಮುದ್ರಮಟ್ಟದ ಒತ್ತಡದ ಸುಮಾರು ಮೂರರಲ್ಲಿ ಎರಡು ಪಾಲು. 5,300 ಮೀಟರನ್ನು ದಾಟಿದ ತಂಗ್ಲಾಂಗ್ ಲಾದಲ್ಲಿ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಲಡಾಖಿ ಭಾಷೆಯಲ್ಲಿ 'ಲಾ' ಎಂದರೆ ಪರ್ವತವನ್ನು ದಾಟುವ ಘಾಟಿ.

ಈ ಕೊರತೆಯನ್ನು ಮೊದಲು ಹೇಳುವುದು ಎಂಜಿನ್ನೇ. ಪ್ರತಿ ಸಾವಿರ ಮೀಟರಿಗೆ ಅದರ ಶಕ್ತಿ ಸುಮಾರು ಶೇಕಡಾ 10ರಷ್ಟು ಕುಗ್ಗುತ್ತದೆ. ಕಾರ್ಬ್ಯುರೇಟರ್ ಉಳ್ಳ ವಾಹನ ಪೆಟ್ರೋಲ್ ಹೆಚ್ಚಾಗಿ, ಗಾಳಿ ಕಡಮೆಯಾಗಿ ಕಪ್ಪು ಹೊಗೆಯುಗುಳುತ್ತದೆ. ಸವಾರನು ಕೂಡಲೇ ಇಳಿದು ಅದನ್ನು ಸರಿಪಡಿಸುತ್ತಾನೆ. ಅದೇ ಕೊರತೆಯಿಂದ ತನಗೆ ತಲೆನೋವು ಬಂದಾಗ ಮಾತ್ರ ಪ್ರಯಾಣದ ಆಯಾಸವೆಂದು ಭಾವಿಸಿ ಮುಂದೆ ಸಾಗುತ್ತಾನೆ.

ಮಾರ್ಗದಲ್ಲಿ ಅಡಗಿರುವ ಅಪಾಯ

ಮನಾಲಿಯಿಂದ ಬೆಳಿಗ್ಗೆ ಹೊರಟ ಸವಾರನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. 2020ರಲ್ಲಿ ತೆರೆದ, 9 ಕಿಲೋಮೀಟರ್ ಉದ್ದದ ಅಟಲ್ ಸುರಂಗವು ಅವನನ್ನು ರೋಹ್ತಾಂಗ್ ಪರ್ವತದ ಅಡಿಯಿಂದ ಕೆಲವೇ ನಿಮಿಷಗಳಲ್ಲಿ ಆಚೆಗೆ ದಾಟಿಸುತ್ತದೆ. ಮಧ್ಯಾಹ್ನಕ್ಕೆ 4,890 ಮೀಟರಿನ ಬಾರಾಲಾಚಾ ಲಾ. ಸಂಜೆಗೆ 4,290 ಮೀಟರಿನ ಸರ್ಚುವಿನ ಡೇರೆ. ಒಂದೇ ಹಗಲಿನಲ್ಲಿ ಅವನು ಮಲಗುವ ಎತ್ತರ 2,200 ಮೀಟರಿನಷ್ಟು ಹೆಚ್ಚಿದೆ. ರಾತ್ರಿ ತಲೆ ಸಿಡಿಯುತ್ತದೆ, ಊಟ ಸೇರುವುದಿಲ್ಲ, ನಿದ್ರೆ ಬರುವುದಿಲ್ಲ.

ಆದರೂ ಮರುದಿನ ಅವನು 5,060 ಮೀಟರಿನ ಲಾಚುಲುಂಗ್ ಲಾವನ್ನು ದಾಟಿ 4,600 ಮೀಟರಿನ ಪಾಂಗ್ ತಲಪಿದನೆನ್ನೋಣ. ಈ ವ್ಯಾಧಿಗೆ ಪರಮೌಷಧವೆಂದರೆ ಕೆಳಗಿಳಿಯುವುದು. ಆದರೆ ಪಾಂಗಿನಿಂದ ಇಳಿಯಬೇಕಾದರೆ ಮೊದಲು ಏರಬೇಕು! ಮುಂದೆ ಹೋದರೆ ತಂಗ್ಲಾಂಗ್ ಲಾ. ಹಿಂದಿರುಗಿದರೆ ಲಾಚುಲುಂಗ್ ಲಾ, ಬಾರಾಲಾಚಾ ಲಾ. ಬಾವಿಯೊಳಗೆ ಸಿಕ್ಕಿದವನಂತೆ ಅವನ ಸ್ಥಿತಿ. ಆದುದರಿಂದ ತಲೆನೋವಿನ ಮೊದಲ ಸೂಚನೆ ಬಂದಾಗಲೇ, ಹಿಂದಿರುಗುವ ಹಾದಿ ಸುಗಮವಾಗಿರುವಾಗಲೇ ನಿಲ್ಲುವುದು ವಿವೇಕ.

ವ್ಯಾಧಿಯ ಲಕ್ಷಣಗಳು

1962ರ ಚೀನಾ ಯುದ್ಧದ ಕಾಲದಲ್ಲಿ ಬಯಲುಸೀಮೆಯ ಸೈನಿಕರನ್ನು ತುರ್ತಾಗಿ ಪರ್ವತಗಳಿಗೆ ಸಾಗಿಸಬೇಕಾಯಿತು. ಡಾ. ಇಂದರ್ ಸಿಂಗ್ ಮತ್ತು ಅವರ ಸಹೋದ್ಯೋಗಿಗಳು 1,925 ಸೈನಿಕರಲ್ಲಿ ಕಂಡ ಈ ವ್ಯಾಧಿಯ ವಿವರಗಳನ್ನು 1969ರಲ್ಲಿ ಪ್ರಕಟಿಸಿದರು. ಇವರೆಲ್ಲರೂ ದೃಢಕಾಯರು ಎಂಬುದನ್ನು ಗಮನಿಸಬೇಕು. ವ್ಯಾಯಾಮದಿಂದ ಬಂದ ದೇಹಬಲವು ಈ ವ್ಯಾಧಿಗೆ ತಡೆಯಲ್ಲ.

ಸೌಮ್ಯ ರೂಪದಲ್ಲಿ ತಲೆನೋವಿನೊಡನೆ ವಾಕರಿಕೆ, ಸುಸ್ತು, ತಲೆಸುತ್ತು ಇವುಗಳಲ್ಲಿ ಒಂದೆರಡು ಕಾಣಿಸುತ್ತವೆ. ಎತ್ತರಕ್ಕೆ ಬಂದ ಆರರಿಂದ ಹನ್ನೆರಡು ಗಂಟೆಗಳಲ್ಲಿ ಇವು ಆರಂಭವಾಗುವುದು ಸಾಮಾನ್ಯ. ಅಲ್ಲಿಯೇ ನಿಂತು ವಿಶ್ರಾಂತಿ ಪಡೆದರೆ ಒಂದೆರಡು ದಿನಗಳಲ್ಲಿ ಶಮನವಾಗುತ್ತವೆ.

ಇದರ ಎರಡು ಉಗ್ರ ರೂಪಗಳು ಪ್ರಾಣಾಂತಿಕ. ಮೊದಲನೆಯದರಲ್ಲಿ ಮಿದುಳು ಬಾವುಗೊಳ್ಳುತ್ತದೆ. ರೋಗಿಯ ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳನ್ನು ತಾಗಿಸುತ್ತ ನೇರ ಗೆರೆಯ ಮೇಲೆ ನಡೆಯಹೇಳಿದರೆ ಅವನಿಂದಾಗದು. ಎರಡನೆಯದರಲ್ಲಿ ಶ್ವಾಸಕೋಶಗಳಲ್ಲಿ ನೀರು ತುಂಬುತ್ತದೆ. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ಕೊನೆಗೆ ನಸುಗೆಂಪು ನೊರೆಯ ಕಫ ಇದರ ಚಿಹ್ನೆಗಳು. ಇಂಥವನನ್ನು ಕತ್ತಲೆಯೆಂದು ಕಾಯದೆ, ಅವನ ಕೈಗೆ ವಾಹನ ಕೊಡದೆ, ಕಾರು ಅಥವಾ ಲಾರಿಯಲ್ಲಿಯಾದರೂ ಕೆಳಗಿಳಿಸಿ ವೈದ್ಯರ ಬಳಿಗೆ ಒಯ್ಯಬೇಕು. ಆಮ್ಲಜನಕ ದೊರೆತರೆ ದಾರಿಯಲ್ಲಿಯೇ ಕೊಡಬೇಕು.

ಕ್ರಮವಾಗಿ ಏರುವ ವಿಧಾನ

3,000 ಮೀಟರಿನ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ವಿಶ್ರಾಂತಿ ಬೇಕು. ಎಣಿಸಬೇಕಾದುದು ದಾಟುವ ಘಾಟಿಯ ಎತ್ತರಕ್ಕಿಂತ ಮುಖ್ಯವಾಗಿ ರಾತ್ರಿ ಮಲಗುವ ಸ್ಥಳದ ಎತ್ತರ.

ಈ ದೃಷ್ಟಿಯಿಂದ ಹೊಸಬರು ಶ್ರೀನಗರದ ಮಾರ್ಗವಾಗಿ ಹೋಗಿ ಮನಾಲಿಯ ಮಾರ್ಗವಾಗಿ ಮರಳುವುದು ಲೇಸು. ಶ್ರೀನಗರ 1,585 ಮೀಟರ್, ಕಾರ್ಗಿಲ್ ಸುಮಾರು 2,680, ಲೇಹ್ 3,500. ನಡುವೆ 3,528 ಮೀಟರಿನ ಜೋಜಿ ಲಾ, 4,108 ಮೀಟರಿನ ಫೋಟು ಲಾಗಳನ್ನು ದಾಟಿದರೂ ರಾತ್ರಿಯ ತಂಗುದಾಣ ತಗ್ಗಿನಲ್ಲಿರುತ್ತದೆ. ಕಾರ್ಗಿಲ್‌ನಲ್ಲಿ ಎರಡು ರಾತ್ರಿ, ಲೇಹ್‌ನಲ್ಲಿ ಎರಡು ದಿನ ಪೂರ್ಣ ವಿಶ್ರಾಂತಿ ಪಡೆದು ಅನಂತರ ಖರ್ದುಂಗ್ ಲಾದತ್ತ ಹೊರಡಬಹುದು. ಮನಾಲಿಯಿಂದಲೇ ಹೋಗುವವರು 3,200 ಮೀಟರಿನ ಜಿಸ್ಪಾದಲ್ಲಿ ಎರಡು ರಾತ್ರಿಯಾದರೂ ತಂಗಬೇಕು. ವಿಮಾನದಲ್ಲಿ ನೇರವಾಗಿ ಲೇಹ್‌ಗೆ ಇಳಿಯುವವರಿಗಂತೂ ಮೊದಲ ಎರಡು ದಿನಗಳ ವಿಶ್ರಾಂತಿ ಕಡ್ಡಾಯವೆಂದೇ ತಿಳಿಯಬೇಕು.

ಅಸಿಟಜೋಲಮೈಡ್ ಮಾತ್ರೆಯು ದೇಹ ಹೊಂದಿಕೊಳ್ಳುವುದನ್ನು ತ್ವರಿತಗೊಳಿಸುತ್ತದೆ. ಇದನ್ನು ಸಾಮಾನ್ಯವಾಗಿ ಏರುವುದಕ್ಕೆ ಒಂದು ದಿನ ಮುಂಚೆ ಆರಂಭಿಸುತ್ತಾರೆ. ಸಲ್ಫಾ ಔಷಧಗಳು ಒಗ್ಗದವರು ಆ ಸಂಗತಿಯನ್ನು ವೈದ್ಯರಿಗೆ ತಿಳಿಸಲೇಬೇಕು. ಹೃದ್ರೋಗ, ಉಬ್ಬಸ, ರಕ್ತದೊತ್ತಡ, ಮಧುಮೇಹವುಳ್ಳವರೂ ವೈದ್ಯರ ಸಲಹೆಯಿಲ್ಲದೆ ಹೊರಡಬಾರದು. ಮದ್ಯ ಮತ್ತು ನಿದ್ರೆಯ ಮಾತ್ರೆಗಳು ವರ್ಜ್ಯ.

ಚಳಿ, ನೀರು, ಬಿಸಿಲು

ಹಿಮ ಕರಗಿ ರಸ್ತೆಗಡ್ಡವಾಗಿ ಹರಿಯುವ ತೊರೆಗಳು ಮಧ್ಯಾಹ್ನ ಉಕ್ಕುತ್ತವೆ. ಬೆಳಗಿನ ಜಾವದಲ್ಲಿ ತಗ್ಗಿರುತ್ತವೆ. ಬೇಗ ಹೊರಟರೆ ಅವನ್ನು ದಾಟುವುದು ಸುಲಭ. ಬೂಟು ಒದ್ದೆಯಾದರೆ ಒಣ ಕಾಲುಚೀಲವನ್ನು ಕೂಡಲೇ ತೊಡಬೇಕು. ಒದ್ದೆ ಪಾದಕ್ಕೆ ಓಡುವ ವಾಹನದ ಗಾಳಿ ತಗುಲಿದರೆ ಬೆರಳುಗಳು ಮರಗಟ್ಟುತ್ತವೆ. ಕೈಬೆರಳು ಜಡವಾದವನು ಬ್ರೇಕ್ ಹಿಡಿಯಲಾರ. ಬಾಯಾರಿಕೆಗೆ ಕಾಯದೆ ನೀರು ಕುಡಿಯಬೇಕು. ಹಿಮದ ಪ್ರತಿಫಲನದಿಂದ ಕಣ್ಣಿಗೆ ಹಾನಿಯಾಗದಂತೆ ಕಪ್ಪು ಕನ್ನಡಕ ಬೇಕು. ಮುಚ್ಚಿದ ಡೇರೆಯೊಳಗೆ ಸ್ಟೌ ಅಥವಾ ಇದ್ದಿಲ ಒಲೆ ಉರಿಸಿ ಮಲಗುವುದು ವಿಷಾನಿಲದಿಂದ ಸಾವಿಗೆ ಕಾರಣವಾಗಬಲ್ಲದು.

ಇಷ್ಟೆಲ್ಲ ಹೇಳಿದುದು ಯಾರನ್ನೂ ಹೆದರಿಸುವುದಕ್ಕಲ್ಲ. ಆ ನೀಲಿ ಆಕಾಶ, ಆ ನಿರ್ಜನ ಘಾಟಿಗಳು ಆಯುಷ್ಯದಲ್ಲಿ ಒಮ್ಮೆ ನೋಡತಕ್ಕವೇ. ಹತ್ತು ದಿನಗಳ ರಜೆಯಲ್ಲಿ ಎರಡು ದಿನಗಳನ್ನು ವಿಶ್ರಾಂತಿಗೆಂದು ಮೊದಲೇ ತೆಗೆದಿಡಬೇಕು; ಜೊತೆಗಾರರಲ್ಲಿ ಒಬ್ಬನಿಗೆ ತಲೆನೋವೆಂದರೆ ತಂಡವೆಲ್ಲ ನಿಲ್ಲುವುದೆಂದು ಹೊರಡುವ ಮುನ್ನವೇ ಒಪ್ಪಂದ ಮಾಡಿಕೊಳ್ಳಬೇಕು. ಘಾಟಿ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಅದನ್ನು ನೋಡಲು ಸವಾರನೂ ಇರಬೇಕು.