ಎಲ್ಲರ ಬಾವಿ

ಸಿಂಬಿ, ಕೊಡ, ಹಗ್ಗ. ಅಕ್ಷರ ಕಲಿಯೋ ಮೊದಲೇ ನಾವು ಇವನ್ನು ಕಲಿತವರು. ನೀರು ಸೇದೋದು ಹೆಂಗೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇವತ್ತು ಒಂದು ಹಳೇ ಬಾವಿಯ ವಿಷಯ ಓದೋಣ. ಈ ಬಾವಿ ನಮ್ಮ ಹುಲಗೂರಿನದಲ್ಲ, ಗದಗಿನ ಹತ್ತಿರದ ಲಕ್ಕುಂಡಿಯದು.

ಲಕ್ಕುಂಡಿಯ ಹಳೇ ಹೆಸರು ಲೊಕ್ಕಿಗುಂಡಿ. ಗದಗಿನಿಂದ ಸುಮಾರು 12 ಕಿಲೋಮೀಟರ್ ದೂರ. ಅಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಇದ್ದವು ಅಂತ ಜನ ಹೇಳುತ್ತಾರೆ. ಅತ್ತಿಮಬ್ಬೆ ಎಂಬ ತಾಯಿ 1007ರಲ್ಲಿ ಅಲ್ಲಿ ಜೈನ ಬಸದಿ ಕಟ್ಟಿಸಿದಳು. ಪೊನ್ನ ಕವಿಯ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು. ಆಗ ಅಚ್ಚಿನ ಯಂತ್ರ ಇರಲಿಲ್ಲ. ತಾಳೆಗರಿಯ ಮೇಲೆ ಕೈಯಿಂದಲೇ ಬರೆಯಬೇಕಿತ್ತು! ಈಗ ಪುಸ್ತಕ ಹಿಡಿದಿರುವ ನಮಗೆ ಆಕೆಯ ಹೆಸರು ಗೊತ್ತಿರಲಿ.

ಈಗ ಬಾವಿಗೆ ಬರೋಣ. ಮಾಣಿಕೇಶ್ವರ ಗುಡಿಯ ಪಕ್ಕದಲ್ಲಿ ಮುಸುಕಿನ ಬಾವಿ ಇದೆ. ಚಾಲುಕ್ಯರ ಕಾಲದ್ದು, ಸುಮಾರು 900 ವರ್ಷ ಹಳೆಯದು. ಕೆಳಗೆ ಇಳಿಯಲು ಕಲ್ಲಿನ ಮೆಟ್ಟಿಲುಗಳಿವೆ. ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಯಂಥ ಗೂಡುಗಳಿವೆ.

ಮೆಟ್ಟಿಲು ಯಾಕೆ? ಮಳೆಗಾಲದಲ್ಲಿ ನೀರು ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಕೆಳಗೆ ಹೋಗುತ್ತದೆ. ನೀರು ಇಳಿದಂತೆ ನಾವೂ ಇಳಿಯಬಹುದು. ಹಗ್ಗ ಬೇಡ, ಗಡಗಡಿ ಬೇಡ. ಕಲ್ಲು ಕಟ್ಟಿದ್ದರಿಂದ ಸುತ್ತಲ ಮಣ್ಣೂ ಕುಸಿಯುವುದಿಲ್ಲ. ಆದರೆ ತುಂಬಿದ ಕೊಡ ಹೊತ್ತು ಮೇಲೆ ಹತ್ತೋದು ಎಷ್ಟು ಕಷ್ಟ ಅಂತ ಹೊತ್ತವರಿಗೇ ಗೊತ್ತು.

ಇಂಥ ಬಾವಿಗಳನ್ನು ಕಂಡರೆ ನಮಗೆ ಹೆಮ್ಮೆ. ಆದರೆ ಒಂದು ಮಾತು ಕೇಳಲೇಬೇಕು. ಊರ ಬಾವಿಗೆ ಊರಿನವರೆಲ್ಲ ಇಳಿಯುತ್ತಿದ್ದರೇ? ಇಲ್ಲ. ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ ದಲಿತ ಹೆಣ್ಣುಮಕ್ಕಳು ಬಾವಿ ಮುಟ್ಟುವಂತಿರಲಿಲ್ಲ. ಕೊಡ ಇಟ್ಟುಕೊಂಡು ದೂರ ನಿಲ್ಲಬೇಕಿತ್ತು. "ಯವ್ವಾ, ಒಂದ್ ಕೊಡ ನೀರ್ ಹಾಕ್ರೀ" ಅಂತ ಬೇಡಬೇಕಿತ್ತು. ಯಾರಾದರೂ ಹಾಕಿದರೆ ನೀರು, ಇಲ್ಲದಿದ್ದರೆ ಬರಿಗೊಡ. ಬಾವಿ ಕಟ್ಟಲು ಕಲ್ಲು ಹೊತ್ತವರು ಯಾರು, ಮಣ್ಣು ಅಗೆದವರು ಯಾರು ಅಂತ ಯಾರೂ ಕೇಳಲಿಲ್ಲ.

ಮಹಾರಾಷ್ಟ್ರದಲ್ಲಿ ಮಹಾಡ ಎಂಬ ಊರಿದೆ. ಅಲ್ಲಿ ಚವದಾರ ಕೆರೆ ಇದೆ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಸಾವಿರಾರು ದಲಿತರ ಜೊತೆ ಹೋಗಿ ಆ ಕೆರೆಯ ನೀರು ಕುಡಿದರು. ಕುಡಿದವರಿಗೆ ಏಟು ಬಿದ್ದವು. ಕೆರೆ ಮೈಲಿಗೆ ಆಯ್ತು ಅಂತ ಮೇಲ್ಜಾತಿಯವರು ಅದಕ್ಕೆ ಸೆಗಣಿ, ಗಂಜಲ ಸುರಿದು 'ಶುದ್ಧಿ' ಮಾಡಿದರು! ವ್ಯಾಜ್ಯ ಕೋರ್ಟಿಗೆ ಹೋಯಿತು. ಹತ್ತು ವರ್ಷ ನಡೆಯಿತು. 1937ರಲ್ಲಿ ಮುಂಬಯಿ ಹೈಕೋರ್ಟು ದಲಿತರ ಪರವಾಗಿ ತೀರ್ಪು ಕೊಟ್ಟಿತು. ಆಗ ನಮ್ಮ ಧಾರವಾಡ ಜಿಲ್ಲೆಯೂ ಮುಂಬಯಿ ಪ್ರಾಂತದಲ್ಲೇ ಇತ್ತು.

1950ರಲ್ಲಿ ನಮ್ಮ ಸಂವಿಧಾನ ಜಾರಿಗೆ ಬಂತು. ಅದರ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ ಎಂಬ ಮಾತುಗಳೇ ಇವೆ. ಸರ್ಕಾರದ ಹಣದಿಂದ ನಡೆಯುವ ಇಂಥ ಜಾಗಗಳಲ್ಲಿ ಜಾತಿ ನೋಡಿ, ಧರ್ಮ ನೋಡಿ, ಹೆಣ್ಣೆಂದು ನೋಡಿ ಯಾರನ್ನೂ ತಡೆಯುವಂತಿಲ್ಲ. 1955ರ ಕಾನೂನು ಸಾರ್ವಜನಿಕ ನಲ್ಲಿಯನ್ನೂ ಸೇರಿಸಿತು. ಅಸ್ಪೃಶ್ಯತೆಯ ಹೆಸರಲ್ಲಿ ನೀರು ತಡೆದರೆ ಅಪರಾಧ. ಜೈಲು ಶಿಕ್ಷೆ ಇದೆ.

ಈಗ ಬೋರು ಬಂದಿದೆ, ನಲ್ಲಿ ಬಂದಿದೆ. ಎಷ್ಟೋ ಹಳೇ ಬಾವಿಗಳಲ್ಲಿ ಕಸ ತುಂಬಿದೆ. ನಿಮ್ಮ ಓಣಿಯ ಹಳೇ ಬಾವಿ ಹೇಗಿದೆ? ಹೋಗಿ ನೋಡಿ ಬನ್ನಿ. ಹಿರಿಯರನ್ನು ಕೇಳಿ ಬರೆಯಿರಿ:

ಬಾವಿಯ ಹೆಸರೇನು? ಕಟ್ಟಿಸಿದವರು ಯಾರು?

ಮೊದಲು ಯಾರು ಸೇದುತ್ತಿದ್ದರು? ಯಾರು ದೂರ ನಿಲ್ಲುತ್ತಿದ್ದರು?

ಈಗ ನಲ್ಲಿಯ ಮುಂದೆ ಯಾರ ಕೊಡ ಕೊನೆಗೆ ಇರುತ್ತದೆ?