ಹುಲ್ಲು ಹೊಡೆಯುವ ಮಷಿನ್: ಆನ್‌ಲೈನೋ, ಪೇಟೆ ಅಂಗಡಿಯೋ?

ಪ್ರಶ್ನೆ: ನಮಗೆ ಎರಡು ಎಕರೆ ಅಡಿಕೆ ತೋಟ, ಮರಗಳಿಗೆ ಕಾಳುಮೆಣಸು ಹಬ್ಬಿಸಿದ್ದೇವೆ. ಮನೆ ಹಿಂದೆ ಸ್ವಲ್ಪ ಸೊಪ್ಪಿನ ಬೆಟ್ಟ, ಕೊಟ್ಟಿಗೆಯಲ್ಲಿ ಎರಡು ಹಸು. ಹುಲ್ಲು ಹೊಡೆಯಲು ಜನ ಸಿಗುತ್ತಿಲ್ಲ. ಬೆಂಗಳೂರಿನಲ್ಲಿರುವ ಮಗ, ಆನ್‌ಲೈನ್‌ನಲ್ಲಿ ಎಂಟು ಸಾವಿರಕ್ಕೆ ವೀಡ್ ಕಟರ್ ಬರುತ್ತದೆ, ತರಿಸಿಬಿಡುತ್ತೇನೆ ಎನ್ನುತ್ತಾನೆ. ಪೇಟೆಯಲ್ಲಿ ಮೂವತ್ತು ಸಾವಿರದ್ದು ತೋರಿಸುತ್ತಾರೆ. ನಮ್ಮವರಿಗೆ ಅರವತ್ತು ದಾಟಿದೆ, ಸೊಂಟನೋವು ಬೇರೆ. ಹೋದ ವರ್ಷ ಬಾಡಿಗೆ ಮಷಿನ್ ತಂದವನು ನಾಲ್ಕಾರು ಮೆಣಸಿನ ಬಳ್ಳಿಯನ್ನು ಬುಡದಲ್ಲೇ ಕತ್ತರಿಸಿ ಹೋದ. ಅಪ್ಪ–ಮಗನಿಗೆ ಫೋನಿನಲ್ಲಿ ದಿನಾ ಇದೇ ವಾದ. ಏನು ಮಾಡಲಿ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಪೇಟೆಯಲ್ಲೇ ತೆಗೆದುಕೊಳ್ಳಿ ತಾಯಿ. ಮೂವತ್ತು ಸಾವಿರದ್ದೇ ಆಗಬೇಕೆಂದಿಲ್ಲ, ಆದರೆ ಅಲ್ಲೇ ರಿಪೇರಿ ಆಗುವಂಥದ್ದು ಆಗಬೇಕು. ವೀಡ್ ಕಟರ್ ವರ್ಷವಿಡೀ ಓಡುವ ಮಷಿನ್ ಅಲ್ಲ. ಮಳೆ ಇಳಿಯುವ ಹೊತ್ತಿಗೆ ಒಂದು ಸುತ್ತು, ಕೊಯ್ಲಿಗೆ ಮುಂಚೆ ಇನ್ನೊಂದು ಸುತ್ತು, ಉಳಿದ ದಿನ ಮೂಲೆಯಲ್ಲಿರುತ್ತದೆ. ಬೇಕಾದ ಆ ನಾಲ್ಕು ದಿನ ಸ್ಟಾರ್ಟ್ ಆಗದಿದ್ದರೆ ಎಷ್ಟು ಅಗ್ಗಕ್ಕೆ ಬಂದಿದ್ದರೂ ದಂಡವೇ. ಸ್ಟಾರ್ಟರಿನ ಹಗ್ಗ ತುಂಡಾಗುವುದು, ಕಾರ್ಬುರೇಟರ್ ಕಟ್ಟಿಕೊಳ್ಳುವುದು, ಕ್ಲಚ್ ಸವೆಯುವುದು ಎಲ್ಲ ಕಂಪನಿಯ ಮಷಿನ್‌ಗೂ ಬರುವ ಕಾಯಿಲೆ. ಹೆಸರಿಲ್ಲದ ಮಷಿನ್‌ಗೆ ಇವುಗಳ ಬಿಡಿಭಾಗ ಹುಡುಕುವುದೇ ದೊಡ್ಡ ಕೆಲಸ. ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಈ ಮೂರು ಭಾಗ ತೋರಿಸಿ ಎನ್ನಿ. ಒಳಗಿನಿಂದ ತಂದು ಮೇಜಿನ ಮೇಲಿಟ್ಟರೆ ಆ ಅಂಗಡಿಯನ್ನು ನಂಬಬಹುದು. ‘ಬೇಕಾದಾಗ ತರಿಸಿಕೊಡ್ತೀವಿ’ ಎಂದರೆ ಇನ್ನೊಂದು ಅಂಗಡಿ ನೋಡಿ.

ಇನ್ನು ಎಂಜಿನ್. ಟೂ ಸ್ಟ್ರೋಕ್ ಮಷಿನ್ ಹಗುರ, ಗಟ್ಟಿ, ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಲೇಬೇಕು. ಕಂಪನಿ 1:50 ಎಂದು ಹೇಳಿದ್ದರೆ ಐದು ಲೀಟರ್ ಪೆಟ್ರೋಲಿಗೆ 100 ಮಿಲಿ ಆಯಿಲ್. ಯಾರೋ ಅವಸರದಲ್ಲಿ ಬರೀ ಪೆಟ್ರೋಲ್ ಸುರಿದರೆ ಎಂಜಿನ್ ಅಂದೇ ಸೀಜ್ ಆಗುತ್ತದೆ. ಮನೆಯವರು, ಕೆಲಸದವರು, ರಜೆಗೆ ಬಂದ ಮಗ ಹೀಗೆ ಹಲವರು ಹಿಡಿಯುವ ಮಷಿನ್ ಆದ್ದರಿಂದ ನಿಮಗೆ ಫೋರ್ ಸ್ಟ್ರೋಕ್ ವಾಸಿ ಎಂಬುದು ನನ್ನ ಅಭಿಪ್ರಾಯ. ಹೋಂಡಾದ ಜಿಎಕ್ಸ್ 35 ಎಂಜಿನ್ 35.8 ಸಿಸಿಯದು, ತೋಟಕ್ಕೂ ಬೆಟ್ಟಕ್ಕೂ ಸಾಕು. ಅದರಲ್ಲಿ ಹಿಡಿಯುವ ಆಯಿಲ್ ಬರೀ 100 ಮಿಲಿ. ಅಷ್ಟು ಕಡಿಮೆ ಇರುವುದರಿಂದಲೇ ಪ್ರತಿದಿನ ಕೆಲಸಕ್ಕೆ ಮುಂಚೆ ಮಟ್ಟ ನೋಡಲೇಬೇಕು. ಎರಡು ಎಕರೆಗೆ ಇದಕ್ಕಿಂತ ದೊಡ್ಡ ಎಂಜಿನ್ ಬೇಡ, ಸುಮ್ಮನೆ ಭಾರ.

ಬೆನ್ನಿಗೆ ಹಾಕುವ ಮಾದರಿಯನ್ನು ಅಂಗಡಿಯವರು ಸೊಂಟನೋವಿನ ಹೆಸರು ಹೇಳಿ ತೋರಿಸಬಹುದು. ದರೆ ಕಡಿಯುವವರಿಗೆ ಅದು ಒಳ್ಳೆಯದು. ಆದರೆ ಜಾರುವ ತೋಟದಲ್ಲಿ ಬಿದ್ದರೆ ಕಳಚಿಕೊಳ್ಳುವುದು ಕಷ್ಟ, ಎಂಜಿನ್ನಿನ ಬಿಸಿಯೂ ನಡುಕವೂ ಬೆನ್ನಿಗೇ ಬಡಿಯುತ್ತದೆ. ಎರಡೂ ಭುಜಕ್ಕೆ ಬರುವ ಅಗಲ ಪಟ್ಟಿ ಇರುವ, ಪಕ್ಕದಲ್ಲಿ ತೂಗುವ ಮಷಿನ್ ನೋಡಿ. ಯಜಮಾನರನ್ನು ಅಂಗಡಿಗೆ ಕರೆದುಕೊಂಡೇ ಹೋಗಿ. ಟ್ಯಾಂಕ್ ತುಂಬಿಸಿ, ಪಟ್ಟಿಯನ್ನು ಅವರ ಎತ್ತರಕ್ಕೆ ಸರಿಮಾಡಿಸಿ, ಹತ್ತು ನಿಮಿಷ ಓಡಿಸಿ ನೋಡಲಿ. ಆಮೇಲೆ ನಿಲ್ಲಿಸಿ, ಐದು ನಿಮಿಷ ಬಿಟ್ಟು ಬಿಸಿಯಾಗಿರುವಾಗಲೇ ಮತ್ತೆ ಸ್ಟಾರ್ಟ್ ಮಾಡಲಿ. ತಣ್ಣಗಿದ್ದಾಗ ಎಲ್ಲ ಮಷಿನ್ನೂ ಸ್ಟಾರ್ಟ್ ಆಗುತ್ತವೆ, ಸತಾಯಿಸುವುದು ಬಿಸಿಯಾದ ಮೇಲೆ.

ನಿಮ್ಮ ಬಳ್ಳಿಯ ವಿಷಯಕ್ಕೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಸಂಕಟವಾದದ್ದು ಅದನ್ನು ಓದಿ. ನೈಲಾನ್ ದಾರದ ಕಟರನ್ನು 1971ರಲ್ಲಿ ರೂಪಿಸಿದವರು ಅಮೆರಿಕದ ಹ್ಯೂಸ್ಟನ್ನಿನ ಜಾರ್ಜ್ ಬಲ್ಲಾಸ್. ಮರದ ಬುಡದ ಹುಲ್ಲು ತೆಗೆಯಲು ದಾರಿ ಹುಡುಕುತ್ತಿದ್ದವರಿಗೆ, ಕಾರು ತೊಳೆಯುವ ಕಡೆ ಗಿರಗಿರ ತಿರುಗುವ ಬ್ರಷ್ ಕಂಡು ಹೊಳೆದದ್ದು ಅದು. ಬಲಿತ ಮರಕ್ಕೆ ದಾರ ತಾಗಿದರೆ ಅಷ್ಟಾಗಿ ಏನೂ ಆಗುವುದಿಲ್ಲ. ಆದರೆ ಮೆಣಸಿನ ಬಳ್ಳಿ, ಎಳೆಯ ಅಡಿಕೆ ಸಸಿ, ಹನಿ ನೀರಾವರಿಯ ಪೈಪು ಇವು ಮೂರಕ್ಕೂ ಅದೇ ದಾರ ಮಾರಕ. ಬಳ್ಳಿ ಪೂರ್ತಿ ತುಂಡಾಗದೆ ಸಿಪ್ಪೆ ಮಾತ್ರ ಸುಲಿದರೂ ಕೆಟ್ಟದ್ದೇ. ಮಳೆಗಾಲದಲ್ಲಿ ಆ ಗಾಯದಿಂದ ಸೊರಗು ರೋಗದ ಫೈಟೊಫ್ತೊರಾ ಒಳನುಗ್ಗಬಹುದು. ಹಾಗಾಗಿ ಬುಡದ ಸುತ್ತ ಒಂದೂವರೆ ಅಡಿಗೆ ಮಷಿನ್ ತರಬೇಡಿ, ಅಲ್ಲಿ ಕತ್ತಿಯಲ್ಲೇ ಕೊಯ್ಯಿರಿ. ಈ ಬುಡದ ಕೆಲಸವನ್ನು ಮೊದಲು ಮುಗಿಸಿದರೆ ಮಷಿನ್ ಹಿಡಿದವನಿಗೆ ಎಲ್ಲಿ ನಿಲ್ಲಬೇಕೆಂದು ಕಣ್ಣಿಗೇ ಕಾಣುತ್ತದೆ. ಉಳಿದ ಕಡೆಯೂ ನೆಲ ಕೆರೆಯಬಾರದು, ಎರಡು ಮೂರು ಇಂಚು ಬಿಟ್ಟು ಹೊಡೆಯಲಿ. ಮಣ್ಣು ಕೊಚ್ಚಿ ಹೋಗುವುದಿಲ್ಲ, ದಾರವೂ ಬಾಳುತ್ತದೆ. ದಾರ ಒಣಗಿ ಪಟಪಟ ಮುರಿಯುತ್ತಿದ್ದರೆ ಹಿಂದಿನ ರಾತ್ರಿ ನೀರಿನಲ್ಲಿ ನೆನೆಹಾಕಿ. ನೈಲಾನ್ ನೀರು ಹೀರಿಕೊಂಡು ಮೆತ್ತಗಾಗುತ್ತದೆ.

ಬೆಟ್ಟದ ಪೊದೆಗೆ ದಾರ ನಡೆಯುವುದಿಲ್ಲ, ಮೂರು ಹಲ್ಲಿನ ಬ್ಲೇಡ್ ಹಾಕಿ. ಹಸುಗಳಿಗೆ ಹಾಕುವ ಹುಲ್ಲನ್ನಂತೂ ದಾರದಲ್ಲಿ ಹೊಡೆಯಲೇಬೇಡಿ. ದಾರ ಸವೆದು ಸವೆದು ಚಿಕ್ಕದಾಗುತ್ತದಲ್ಲ, ಆ ಚೂರೆಲ್ಲ ಹುಲ್ಲಿನಲ್ಲೇ ಬೀಳುತ್ತದೆ. ಮೇವಿಗೆ ಬ್ಲೇಡ್ ಅಥವಾ ಕತ್ತಿ.

ಕೆಲಸ ಮುಗಿದ ಮೇಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ, ಅದು ತೇವ ಹೀರುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಕಾರ್ಬುರೇಟರ್ ಕೆಟ್ಟಂತೆಯೇ. ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ, ಏರ್ ಫಿಲ್ಟರ್ ತೊಳೆದು ಒಣಗಿಸಿ ಇಡಿ.

ದುಡ್ಡಿನ ವಿಷಯದಲ್ಲಿ ಮಗನಿಗೆ ಬೇರೆ ಕೆಲಸ ಕೊಡಿ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90ರವರೆಗೆ ಸಹಾಯಧನವಿದೆ. ಪಟ್ಟಿಯಲ್ಲಿರುವ ಮಾದರಿಗೆ ಮಾತ್ರ, ಅದೂ ಕೊಳ್ಳುವ ಮೊದಲೇ ಅರ್ಜಿ ಹಾಕಿದವರಿಗೆ. ರೈತ ಸಂಪರ್ಕ ಕೇಂದ್ರದಲ್ಲಿ ಈ ಸಲದ ಪಟ್ಟಿ, ಅನುದಾನ ವಿಚಾರಿಸಿ, ಪಹಣಿ, ಆಧಾರ್ ಜೋಡಿಸಿ ಅರ್ಜಿ ಹಾಕುವುದು ಅವನ ಪಾಲಿಗಿರಲಿ. ಮಷಿನ್ ಆರಿಸುವುದು ಅದನ್ನು ಹೊರುವವರ ಪಾಲಿಗೆ. ಮಗ ಕೇಳಿದ್ದು ಅಪ್ಪನಿಗೆ ಅನುಕೂಲವಾಗಲಿ ಎಂದೇ ಅಲ್ಲವೇ, ಹೇಳಿದರೆ ಅರ್ಥಮಾಡಿಕೊಳ್ಳುತ್ತಾನೆ.

ಅಂಗಡಿಯ ಪರೀಕ್ಷೆಯಲ್ಲಿ ಯಜಮಾನರ ಸೊಂಟ ಬೇಡವೆಂದರೆ ಮನೆಯ ಮಷಿನ್ನನ್ನು ಊರಿನ ನಂಬಿಕಸ್ತ ಹುಡುಗನೊಬ್ಬನ ಕೈಗೆ ಕೊಟ್ಟು ದಿನದ ಲೆಕ್ಕದಲ್ಲಿ ಕೂಲಿ ಕೊಡಿ. ಎಕರೆ ಲೆಕ್ಕದ ಗುತ್ತಿಗೆಯ ಅವಸರದಲ್ಲೇ ಬಳ್ಳಿ ತುಂಡಾಗುವುದು.

ಯಾರೇ ಹಿಡಿಯಲಿ, ಮುಖಕವಚ, ಕನ್ನಡಕ, ಗಮ್‌ಬೂಟು ಹಾಕಿಕೊಳ್ಳದೆ ಹಗ್ಗ ಎಳೆಯಬಾರದು. ಕಲ್ಲಿಗೋ ಬೊಡ್ಡೆಗೋ ಬ್ಲೇಡಿನ ಮುಂದಿನ ಬಲ ಅಂಚು ತಾಗಿದರೆ ಮಷಿನ್ ಸರಕ್ಕನೆ ಪಕ್ಕಕ್ಕೆ ಒದೆಯುತ್ತದೆ, ಕಲ್ಲು ಗುಂಡಿನಂತೆ ಹಾರುತ್ತದೆ. ಹದಿನೈದು ಮೀಟರ್ ಒಳಗೆ ಯಾರೂ ಇರಬಾರದು ತಾಯಿ, ಕಾಫಿ ಕೊಡಲು ಹೋಗುವ ನೀವೂ ಸಹ. ದೂರದಲ್ಲೇ ನಿಂತು, ಅವರು ಎದುರಿಗೆ ಕಾಣುವಂತೆ ಕೈ ಬೀಸಿ, ಎಂಜಿನ್ ನಿಂತ ಮೇಲೆಯೇ ಹತ್ತಿರ ಹೋಗಿ.